ದುಡಿದದ್ದು ಅಲ್ಲಿ, ನಿವೃತ್ತಿ ಇಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಹುಟ್ಟಿದ್ದು 1970ರ ನವೆಂಬರ್‌ನಲ್ಲಿ. ಹದಿನಾರು ವರ್ಷ ಅಮೆರಿಕದಲ್ಲಿ ದುಡಿದು, 2025ರ ಜುಲೈನಲ್ಲಿ ಕೆಲಸ ಬಿಟ್ಟು, ಆಗಸ್ಟ್ 10ರಂದು ಊರಿಗೆ ಬಂದು ನೆಲೆಸಿದ್ದೇನೆ. ಗ್ರೀನ್ ಕಾರ್ಡ್ ಇಲ್ಲ. 401-ಕೆ (ಕಂಪನಿಯ ಮೂಲಕ ಕೂಡಿಟ್ಟ ನಿವೃತ್ತಿ ನಿಧಿ) ಹಣವನ್ನು ಐಆರ್‌ಎ (ಸ್ವಂತ ಹೆಸರಿನ ನಿವೃತ್ತಿ) ಖಾತೆಗೆ ಹಾಕಿ ಅಲ್ಲೇ ಬಿಡಲೇ, ಪೂರ್ತಿ ತೆಗೆದು ತರಲೇ?
– ಓದುಗರು, ಮೈಸೂರು

ಉತ್ತರ: ಮೊದಲಿಗೆ, ಐಆರ್‌ಎ ವರ್ಗಾವಣೆಗೆ ಈಗಲೇ ಸಹಿ ಹಾಕಬೇಡಿ. 59½ ವರ್ಷಕ್ಕೆ ಮುಂಚೆ ಹಣ ತೆಗೆದರೆ ತೆರಿಗೆಯ ಜೊತೆಗೆ ಶೇ 10 ದಂಡವಿದೆ. ಆದರೆ 55 ತುಂಬುವ ಕ್ಯಾಲೆಂಡರ್ ವರ್ಷದಲ್ಲಿ ಅಥವಾ ಅದರ ನಂತರ ಕೆಲಸ ಬಿಟ್ಟವರಿಗೆ, ಆ ಕಂಪನಿಯ 401-ಕೆ ಮಟ್ಟಿಗೆ ದಂಡವಿಲ್ಲ. ಜುಲೈನಲ್ಲಿ ನಿಮಗೆ 54 ಆಗಿದ್ದರೂ ಅದೇ ನವೆಂಬರ್‌ನಲ್ಲಿ 55 ತುಂಬಿದ್ದರಿಂದ ವಿನಾಯಿತಿ ನಿಮಗುಂಟು. ಹಣ ಐಆರ್‌ಎ ಸೇರಿತೋ, ಆ ವಿನಾಯಿತಿ ಹೋಯಿತು.

ಇನ್ನು ಇಲ್ಲಿಯ ಲೆಕ್ಕ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದ ದಿನಗಳು 729 ಮೀರದಿದ್ದರೆ ನೀವು ‘ಆರ್‌ಎನ್‌ಒಆರ್’, ಅಂದರೆ ನಿವಾಸಿಯಾದರೂ ‘ಸಾಮಾನ್ಯ ನಿವಾಸಿ’ಯಲ್ಲ. ಆಗ ವಿದೇಶದ ಪಿಂಚಣಿ ಹಣಕ್ಕೆ ಇಲ್ಲಿ ತೆರಿಗೆಯಿಲ್ಲ. ನಿಮಗೆ 2025-26 ಮತ್ತು 2026-27 ಎರಡೂ 9 ವರ್ಷಗಳ ಲೆಕ್ಕದಲ್ಲೇ ದಕ್ಕುತ್ತವೆ. 2027-28 ದಕ್ಕುವುದು ದಿನಗಳ ಮೇಲೆ ನಿಂತಿದೆ: ಬಂದ ವರ್ಷದ 234, ಮರುವರ್ಷದ 365, ಒಟ್ಟು 599. ಉಳಿಯುವುದು 130 ದಿನ. 2020ರ ಏಪ್ರಿಲ್‌ನಿಂದ ಇಲ್ಲಿಗೆ ಬಂದುಹೋದ ರಜೆಗಳೆಲ್ಲ ಅಷ್ಟರೊಳಗೆ ಇರಬೇಕು. ಪಾಸ್‌ಪೋರ್ಟಿನ ಮುದ್ರೆ ನೋಡಿ ಎಣಿಸಿ. ಬಂದ ದಿನ, ಹೊರಟ ದಿನ ಎರಡನ್ನೂ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಹಾಗೆಂದು ಪೂರ್ತಿ ತೆಗೆಯಬೇಡಿ. ಒಂದೇ ಗಂಟಿನಲ್ಲಿ ತೆಗೆದರೆ ಅಮೆರಿಕದಲ್ಲಿ ಮೂಲದಲ್ಲೇ ಶೇ 30 ಕಡಿತವಾಗುತ್ತದೆ. 1040-ಎನ್‌ಆರ್ (ಅಲ್ಲಿಯ ಅನಿವಾಸಿಗಳ ತೆರಿಗೆ ರಿಟರ್ನ್) ಸಲ್ಲಿಸಿ ಸ್ಲ್ಯಾಬ್ ದರದ ಲೆಕ್ಕಕ್ಕೆ ತಂದರೂ ದೊಡ್ಡ ಮೊತ್ತ ಮೇಲಿನ ಸ್ಲ್ಯಾಬಿಗೇ ಏರುತ್ತದೆ. ಅಲ್ಲಿಯ ತೆರಿಗೆ ವರ್ಷ ಜನವರಿಗೆ ಶುರು, ನಮ್ಮದು ಏಪ್ರಿಲ್‌ಗೆ. ಅದನ್ನೇ ಬಳಸಿಕೊಳ್ಳಿ: 2026ರ ಡಿಸೆಂಬರ್‌ನಲ್ಲಿ ಒಂದು ಕಂತು, 2027ರ ಜನವರಿಯಲ್ಲಿ ಇನ್ನೊಂದು. ಅಲ್ಲಿಗೆ ಎರಡು ವರ್ಷ, ಇಲ್ಲಿಗೆ ಒಂದೇ ಆರ್‌ಎನ್‌ಒಆರ್ ವರ್ಷ.

ಉಳಿದ ಹಣ ಅಲ್ಲೇ ಬೆಳೆಯಲಿ. ಆರ್‌ಎನ್‌ಒಆರ್ ಮುಗಿದು ಪೂರ್ಣ ನಿವಾಸಿಯಾದ ಮೊದಲ ವರ್ಷವೇ, ರಿಟರ್ನ್ಸ್ ಗಡುವಿನೊಳಗೆ, ‘ತೆಗೆದಾಗಲೇ ತೆರಿಗೆ’ ಎಂಬ ಆಯ್ಕೆ ಸಲ್ಲಿಸಿ. ಇಲ್ಲದಿದ್ದರೆ ಕೈಗೆ ಬಾರದ ಬೆಳವಣಿಗೆಗೂ ವರ್ಷವರ್ಷ ತೆರಿಗೆಯ ತಕರಾರು ಬರುತ್ತದೆ. ಹಳೆಯ ಕಾಯ್ದೆಯಲ್ಲಿ ಇದು ಸೆಕ್ಷನ್ 89ಎ, ಫಾರ್ಮ್ 10-ಇಇ. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ, ಸವಲತ್ತು ಅದೇ. ಅಮೆರಿಕ, ಬ್ರಿಟನ್, ಕೆನಡಾ ಖಾತೆಗಳಿಗೆ ಮಾತ್ರ. ತೆರಿಗೆ ಕಟ್ಟಿದ ಹಣವನ್ನೇ ಕೂಡುವ ‘ರಾತ್’ ಖಾತೆಗೆ ಇದನ್ನು ನೆಚ್ಚಬೇಡಿ: ತೆಗೆಯುವಾಗ ಅಮೆರಿಕ ತೆರಿಗೆ ಹಾಕುವ ಖಾತೆಗೆ ಈ ನಿಯಮ, ರಾತ್‌ನಲ್ಲಿ ಅದೇ ಇಲ್ಲ.

ಮುಂದೆ ನಿಯತ ಕಂತುಗಳಲ್ಲಿ ತೆಗೆದರೆ ಉಭಯ ದೇಶಗಳ ತೆರಿಗೆ ಒಪ್ಪಂದದ 20ನೇ ವಿಧಿ ಅದನ್ನು ಪಿಂಚಣಿ ಎನ್ನುತ್ತದೆ. ತೆರಿಗೆ ಭಾರತದಲ್ಲಿ ಮಾತ್ರ. ಹಣ ಕೊಡುವ ಸಂಸ್ಥೆಗೆ ಸಲ್ಲಿಸುವ ಡಬ್ಲ್ಯು-8 ಬೆನ್ ಫಾರ್ಮಿನಲ್ಲಿ ಆ ವಿಧಿ ನಮೂದಿಸಿ. ಮರೆತರೆ ಶೇ 30 ಕಡಿತವಾಗುತ್ತದೆ, ಇಲ್ಲಿ ಅದನ್ನು ವಜಾ ಮಾಡಿಕೊಳ್ಳಲೂ ಬರುವುದಿಲ್ಲ. ಒಪ್ಪಂದದ ಪ್ರಕಾರ ಅಮೆರಿಕದವರಿಗೆ ಹಕ್ಕೇ ಇಲ್ಲದ ತೆರಿಗೆ ಅದು. ವಾಪಸು ಕೇಳಬೇಕಾದ್ದು ಅವರನ್ನೇ.

ಪ್ರಶ್ನೆ: ಎಂಟು ವರ್ಷ ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿಯ ವಂತಿಗೆ) ಕಟ್ಟಿದ್ದೇನೆ. ಹಣ ವಾಪಸು ಸಿಗುತ್ತದೆಯೇ? ಇಲ್ಲಿಯ ಪಿಎಫ್ ಸೇವೆ ಸೇರಿಸಿ ಹತ್ತು ವರ್ಷ ತೋರಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಇಲ್ಲ. ಕೆನಡಾ, ಜರ್ಮನಿಗಳ ಜೊತೆ ನಮಗೆ ಸಾಮಾಜಿಕ ಭದ್ರತಾ ಒಪ್ಪಂದವಿದೆ, ಅಮೆರಿಕದ ಜೊತೆ ಇಲ್ಲ. ಅಲ್ಲಿಯ ಪಿಂಚಣಿಗೆ 40 ಕ್ರೆಡಿಟ್ (ದುಡಿಮೆಗೆ ಸಿಗುವ ಅಂಕ) ಬೇಕು. ವರ್ಷಕ್ಕೆ ಹೆಚ್ಚೆಂದರೆ 4, ಹಾಗಾಗಿ ನಿಮ್ಮಲ್ಲಿ 32. ಅವು ಅಳಿಯುವುದಿಲ್ಲ, ಮತ್ತೆ ಅಲ್ಲಿ ಎರಡು ವರ್ಷ ದುಡಿದರೆ ಜೋಡಣೆಯಾಗುತ್ತವೆ. 40 ತುಂಬಿದರೆ 62ಕ್ಕೆ ಕಡಿಮೆ ಪಿಂಚಣಿ, 1960ರ ನಂತರ ಹುಟ್ಟಿದವರಿಗೆ 67ಕ್ಕೆ ಪೂರ್ತಿ. ಅಮೆರಿಕದಲ್ಲಿ ನೆಲೆಸದ ವಿದೇಶಿಯರಿಗೆ ಅದರ ಶೇ 85ರ ಮೇಲೆ ಶೇ 30, ಅಂದರೆ ಶೇ 25.5 ಅಲ್ಲಿಯೇ ಕಡಿತ. 401-ಕೆ ಕಂತಿಗೆ ತದ್ವಿರುದ್ಧವಾಗಿ ಈ ಪಿಂಚಣಿಗೆ ತೆರಿಗೆ ಹಾಕುವ ಹಕ್ಕು ಅಮೆರಿಕಕ್ಕೆ ಮಾತ್ರ.

ಪ್ರಶ್ನೆ: ಊರಿಗೆ ಮರಳಿದ ಮೇಲೂ ಎನ್‌ಆರ್‌ಇ (ಅನಿವಾಸಿಗಳ ರೂಪಾಯಿ ಖಾತೆ) ಠೇವಣಿ ಹಾಗೇ ಇದೆ. ಬಡ್ಡಿಗೆ ತೆರಿಗೆ ಉಂಟೇ?
– ಓದುಗರು, ಉಡುಪಿ

ಉತ್ತರ: ಉಂಟು, ನೆಲೆಸುವ ಉದ್ದೇಶದಿಂದ ಬಂದ ದಿನದಿಂದಲೇ. ಎನ್‌ಆರ್‌ಇ ಬಡ್ಡಿಯ ತೆರಿಗೆ ವಿನಾಯಿತಿ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಪ್ರಕಾರ ದೇಶದ ಹೊರಗಿರುವವರಿಗೆ. ಆರ್‌ಎನ್‌ಒಆರ್ ಇಲ್ಲಿ ನೆರವಿಗೆ ಬಾರದು. ಬ್ಯಾಂಕಿಗೆ ತಿಳಿಸಿ ಖಾತೆ ಬದಲಿಸಿ. ಎಫ್‌ಸಿಎನ್‌ಆರ್ (ಅನಿವಾಸಿಗಳ ವಿದೇಶಿ ಕರೆನ್ಸಿ) ಠೇವಣಿ ಬೇರೆ: ಅವಧಿ ಮುಗಿಯುವವರೆಗೆ ಬಿಡಬಹುದು, ಆರ್‌ಎನ್‌ಒಆರ್ ಇರುವವರೆಗೆ ಬಡ್ಡಿಗೆ ತೆರಿಗೆಯಿಲ್ಲ. ವಿದೇಶದಲ್ಲಿ ಖಾತೆ ಉಳಿದಿದ್ದರೆ, ಪೂರ್ಣ ನಿವಾಸಿಯಾದ ವರ್ಷದಿಂದ ರಿಟರ್ನ್ಸ್‌ನ ‘ಶೆಡ್ಯೂಲ್ ಎಫ್‌ಎ’ (ವಿದೇಶಿ ಆಸ್ತಿಗಳ ವಿವರ) ತುಂಬಲೇಬೇಕು. ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ ₹10 ಲಕ್ಷ ದಂಡ ಬೀಳಬಹುದು. ಸ್ಥಿರಾಸ್ತಿ ಬಿಟ್ಟು ಒಟ್ಟು ₹20 ಲಕ್ಷ ಮೀರದ ಆಸ್ತಿಗಳಿಗೆ ಮಾತ್ರ ರಿಯಾಯಿತಿ.