‘ಯೇ’ ಬಂದರೆ ‘ಬು’ ಯಾಕೆ ಮುನಿಸಿಕೊಳ್ಳುತ್ತೆ?

ಪ್ರಶ್ನೆ: ಚೀನೀ ಭಾಷೆ ಕಲಿಯುತ್ತಿದ್ದೇನೆ. ‘ಹೋಗ್ತೀಯಾ?’ ಅಂತ ಕೇಳಲು ‘ನೀ ಛ್ಯು ಮ?’ ಅನ್ನಬಹುದು, ‘ನೀ ಛ್ಯು ಬು ಛ್ಯು?’ ಅಂತಲೂ ಅನ್ನಬಹುದು. ಆದರೆ ‘ನೀನೂ’ ಅನ್ನಲು ‘ಯೇ’ ಸೇರಿಸಿ ‘ನೀ ಯೇ ಛ್ಯು ಬು ಛ್ಯು?’ ಎಂದು ಬರೆದರೆ ಮೇಡಂ ಕೆಂಪು ಗೆರೆ ಎಳೆದರು. ‘ನೀ ಯೇ ಛ್ಯು ಮ?’ ಮಾತ್ರ ಸರಿಯಂತೆ. ಇದ್ಯಾವ ನ್ಯಾಯ?

ಉತ್ತರ: ಗೆರೆ ಎಳೆದದ್ದು ಸರಿಯೇ. ಪಾಠಪುಸ್ತಕಗಳು ಇದನ್ನು ಸುಮ್ನೆ ನಿಯಮ ಅಂತ ಬಾಯಿಪಾಠ ಮಾಡಿಸುತ್ತವೆ, ಅದು ನನಗೆ ಹಿಡಿಸುವುದಿಲ್ಲ. ಕಾರಣ ಇದೆ.

‘ಬು’ ಅಂದರೆ ‘ಅಲ್ಲ, ಇಲ್ಲ’; ‘ಛ್ಯು ಬು ಛ್ಯು’ ಅಂದರೆ ‘ಹೋಗ್ತೀಯೋ, ಹೋಗಲ್ವೋ’. ಎರಡನ್ನೂ ಮುಂದಿಟ್ಟು ಒಂದನ್ನು ಆರಿಸು ಅನ್ನುವ ಪ್ರಶ್ನೆ. ಈಗ ‘ಯೇ’ ಸೇರಿಸಿ ನೋಡಿ. ‘ನೀನೂ ಹೋಗ್ತೀಯ’ ಅನ್ನಬೇಕಾದರೆ ಬೇರೆ ಯಾರೋ ಹೋಗುತ್ತಿರಬೇಕು. ‘ನೀನೂ ಹೋಗಲ್ಲ’ ಅನ್ನಬೇಕಾದರೆ ಬೇರೆ ಯಾರೋ ಹೋಗದೆ ಉಳಿದಿರಬೇಕು. ಒಂದೇ ‘ಯೇ’ ಎರಡು ಕಡೆಗೂ ಹೊಂದುವುದು ಹೇಗೆ? ‘ಮ’ಗೆ ಈ ತಾಪತ್ರಯ ಇಲ್ಲ. ಅದು ಇಡೀ ವಾಕ್ಯ ಮುಗಿದ ಮೇಲೆ ಕೊನೆಯಲ್ಲಿ ಬಂದು ‘ಹೌದಾ?’ ಅನ್ನುತ್ತೆ, ಅಷ್ಟೇ.

‘ತುಂಬಾ’ ಅನ್ನುವ ‘ಹನ್’ ಕೂಡ ಹೀಗೇ. ‘ತಾ ಗಾವ್ ಬು ಗಾವ್?’ (ಅವನು ಎತ್ತರವಾ?) ಸರಿ, ‘ತಾ ಹನ್ ಗಾವ್ ಬು ಗಾವ್?’ ತಪ್ಪು. ಎತ್ತರವೋ ಅಲ್ಲವೋ ಅಂತಲೇ ಗೊತ್ತಿಲ್ಲದಾಗ ‘ತುಂಬಾ’ ಎಲ್ಲಿಂದ ಬಂತು ಹೇಳಿ!

ಈ ಪದಗಳನ್ನು ಬಿಡಲು ಮನಸ್ಸಿಲ್ಲದಿದ್ದರೆ ಅವುಗಳ ಮುಂದೆ ‘ಶಿ ಬು ಶಿ’ ಹಾಕಿ: ‘ನೀ ಶಿ ಬು ಶಿ ಯೇ ಛ್ಯು?’ ಈಗ ಆಯ್ಕೆ ‘ಹೌದೋ ಅಲ್ಲವೋ’ ಅನ್ನುವುದರ ನಡುವೆ. ‘ಯೇ’ ಅದರ ಹಿಂದೆ ತನ್ನ ಪಾಡಿಗೆ ಇರುತ್ತೆ.

ಹಾಗಂತ ಎಲ್ಲ ಕ್ರಿಯಾವಿಶೇಷಣಗಳೂ ‘ಮ’ ಪಕ್ಷ ಅಂದುಕೊಳ್ಳಬೇಡಿ. ‘ದಾವ್‌ದಿ’ ಉಲ್ಟಾ. ‘ನೀ ದಾವ್‌ದಿ ಛ್ಯು ಬು ಛ್ಯು?’ ಸರಿ, ಅದಕ್ಕೇ ‘ಮ’ ಅಂಟಿಸಿದರೆ ತಪ್ಪು. ಕನ್ನಡದಲ್ಲಿ ರೇಗಿದಾಗ ‘ಒಟ್ನಲ್ಲಿ ನೀನು ಹೋಗ್ತೀಯೋ ಇಲ್ವೋ?’ ಅಂತೀವಲ್ವಾ, ಅದೇ ಧಾಟಿ. ಒಂದು ಕಡೆಗೆ ಬಾ ಅಂತ ಒತ್ತಾಯಿಸುವ ಪದ ಅದು. ಎರಡು ಕಡೆ ಇದ್ದರೆ ತಾನೇ ಒತ್ತಾಯ? ‘ಯಾರು’, ‘ಎಲ್ಲಿ’ ಪ್ರಶ್ನೆಗಳಿಗೂ ಅದು ಒಗ್ಗುತ್ತೆ. ಅಲ್ಲೂ ಹಲವು ಉತ್ತರಗಳಲ್ಲಿ ಒಂದನ್ನು ಹಿಡಿಯಬೇಕು.

‘ನಾನ್‌ದಾವ್’ ಮಾತ್ರ ‘ಮ’ ಕಡೆಯದೇ. ‘ನಾನ್‌ದಾವ್ ನೀ ಬು ಜಿದಾವ್ ಮ?’ ಅಂದರೆ ‘ಏನು, ನಿನಗೆ ಗೊತ್ತೇ ಇಲ್ವಾ?’ ಕೇಳುವವನು ಮನಸ್ಸಲ್ಲೇ ತೀರ್ಪು ಕೊಟ್ಟಾಗಿದೆ. ಅವನು ಯಾಕೆ ನಿಮ್ಮ ಮುಂದೆ ಆಯ್ಕೆ ಇಡುತ್ತಾನೆ?

ಇನ್ನು ‘ಎಲ್ಲ’ ಅನ್ನುವ ‘ದೋ’. ‘ಬು’ ಪ್ರಶ್ನೆಯಲ್ಲಿ ಇದಕ್ಕೂ ಜಾಗ ಇಲ್ಲ. ಆದರೆ ‘ಏನು’ ಅನ್ನುವ ‘ಶನ್ಮ’ ಜೊತೆ ಅದು ಬರುತ್ತೆ; ಆಗ ಎರಡರಲ್ಲಿ ಯಾವುದು ಮೊದಲು ಬಂದಿದೆ ನೋಡಿ. ‘ನೀ ದೋ ಮಾಯ್ ಲ ಶನ್ಮ?’ ಅಂದರೆ ‘ಏನೇನು ಕೊಂಡೆ?’ ‘ಶನ್ಮ’ವನ್ನು ‘ದೋ’ಗಿಂತ ಮುಂದೆ ತಂದು ‘ವೋ ಶನ್ಮ ದೋ ಮಾಯ್’ ಅಂದರೆ ಅದು ಪ್ರಶ್ನೆಯೇ ಅಲ್ಲ, ‘ನಾನು ಎಲ್ಲವನ್ನೂ ಕೊಳ್ತೀನಿ’ ಅಂತ.