ಕಾಡಂಚಿನ ಶಾಲೆಯಲ್ಲಿ ಪರಿಸರ ಪಾಠ ಮಾಡಲು ಯಾವ ಕೋರ್ಸ್ ಮಾಡಬೇಕು?

ಕೆಲಸಕ್ಕೆ ಸೇರುವ ಮೊದಲು ಒಂದು ವರ್ಷ ಕಾಡಂಚಿನ ಮಕ್ಕಳಿಗೆ ವನ್ಯಜೀವಿಗಳ ಬಗ್ಗೆ ಕಲಿಸಬೇಕು ಅಂದಿದ್ದೀರಿ. ನಾನೂ ಹೀಗೇ ಕುಣಿದುಕೊಂಡು ಹೋದವನು.

2016, ಗುಂಡ್ಲುಪೇಟೆ ಕಡೆ, ಬಂಡೀಪುರಕ್ಕೆ ಅಂಟಿಕೊಂಡ ಊರು. ಬ್ಯಾಗಲ್ಲಿ ಬೈನಾಕ್ಯುಲರ್, ಎರಡು ಹಕ್ಕಿ ಪುಸ್ತಕ, ಜೊತೆಗೆ ಬೆಂಗಳೂರಿನ ಕೊಬ್ಬು. ಮೊದಲ ದಿನವೇ ನಿಯಮ ಮಾಡಿದೆ: ಕಾಡಿನ ಹತ್ತಿರ ಯಾರೂ ಮಾತಾಡಬಾರದು. ಅದೇ ಮುಳುವಾಯಿತು, ಬಿಡಿಸಿ ಹೇಳುತ್ತೇನೆ.

ನವೆಂಬರ್, ರಾಗಿ ತೆನೆ ಬಲಿತಿತ್ತು. ಬಂಡೀಪುರದ ಹೈವೇಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡಲ್ಲ, ಹಾಗಾಗಿ 6 ಆದರೆ ಪ್ರಾಣಿಗಳ ಪಾಳಿ ಮುಗೀತು ಅಂತ ನನ್ನ ಲೆಕ್ಕ. ಗೇಟು ಗಾಡಿಗಳಿಗೆ ಸ್ವಾಮಿ, ಆನೆಗೆ ಯಾವ ಗಡಿಯಾರ? ರಾತ್ರಿಯಿಡೀ ಹೊಲದಲ್ಲಿ ಮೇದ ಆನೆಗಳು ಕಾಡಿಗೆ ವಾಪಸ್ ಹೋಗೋದೇ ಬೆಳಕು ಹರಿಯೋ ಹೊತ್ತಿಗೆ, ಅದೂ ಆನೆ ದಾಟದಿರಲಿ ಅಂತ ಕಾಡಂಚಿಗೆ ತೋಡಿದ ಕಂದಕದ ಮಣ್ಣು ಕುಸಿದು ದಾರಿಯಾದ ಜಾಗದಲ್ಲಿ. ನಾನು ಹದಿನಾಲ್ಕು ಮಕ್ಕಳನ್ನು ಅದೇ ಹೊತ್ತಿಗೆ, ಅದೇ ಜಾಗಕ್ಕೆ, ಮಡಿವಾಳ ಹಕ್ಕಿ ತೋರಿಸೋಕೆ ಕರ್ಕೊಂಡು ಹೋದೆ. ಅಂದರೆ ಆನೆಗೂ ಕಾಡಿಗೂ ನಡುವೆ ನಾವು. ಗಾಳಿ ಬೇರೆ ಕಾಡಿನಿಂದ ಹೊಲದ ಕಡೆ ಬೀಸುತ್ತಿತ್ತು, ನಮ್ಮ ವಾಸನೆ ನೇರ ಸೊಂಡಿಲಿಗೆ. ಆರನೇ ಕ್ಲಾಸಿನ ಹುಡುಗನೊಬ್ಬ ಎರಡು ಸಲ ನನ್ನ ಅಂಗಿ ಎಳೆದ. "ಸಾ, ಈಗ ಬ್ಯಾಡ ಸಾ." ನಾನು ತುಟಿ ಮೇಲೆ ಬೆರಳಿಟ್ಟೆ. ಮೂರನೇ ಸಲ ಅವನು ಹೇಳಲಿಲ್ಲ. ನಾನೇ ಕಲಿಸಿದ ಶಿಸ್ತು ಅಲ್ವಾ.

ಮರಿ ಜೊತೆಗಿದ್ದ ಹೆಣ್ಣಾನೆ ಘೀಳಿಟ್ಟು ನುಗ್ಗಿದಾಗ ಎತ್ತ ಓಡಬೇಕು ಅಂತ ಮಕ್ಕಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆ ಹುಡುಗನೇ ಕೈ ಹಿಡಿದು ಎಳೆದ. ಆನೆ ಅರ್ಧಕ್ಕೆ ನಿಂತು ತಿರುಗಿತು, ಪುಣ್ಯ. ಒಂದು ಹುಡುಗಿ ಬಿದ್ದು ಮುಂಗೈ ಮುರಿದುಕೊಂಡಳು. ಮಾರನೇ ದಿನದಿಂದ ಯಾವ ಮನೆಯವರೂ ಮಕ್ಕಳನ್ನು ಕಳಿಸಲಿಲ್ಲ. ವಾರದಲ್ಲಿ ಗಂಟುಮೂಟೆ ಕಟ್ಟಿದೆ.

ಕೋರ್ಸ್ ಬೇಡ. "ಕಲಿಸಬೇಕು" ಅನ್ನೋದನ್ನೇ ನಾನು ಒಪ್ಪಲ್ಲ. ಮೊದಲ ಎರಡು ತಿಂಗಳು ಸುಮ್ನೆ ಕೂತು ಕೇಳಿಸಿಕೊಳ್ಳಿ. ಯಾರಾದರೂ ಕರೆದರೆ ರಾತ್ರಿ ಅವರ ಜೊತೆ ಅಟ್ಟಣೆ ಹತ್ತಿ ರಾಗಿ ಕಾಯಿರಿ. ಒಂದೇ ರಾತ್ರಿಗೆ ವರ್ಷದ ರಾಗಿ ಕಳೆದುಕೊಂಡ ಮನೆಯ ಮಗುವಿಗೆ "ಆನೆ ಉಳಿಸಿ" ಅಂತ ಚಿತ್ರ ಬಿಡಿಸೋಕೆ ಹೇಳೋ ಮುಂಚೆ ಆ ಮನೆಯಲ್ಲಿ ಒಂದು ಊಟ ಮಾಡಿ. ಯಾವ ದಾರಿ, ಯಾವ ಹೊತ್ತು ಅನ್ನೋದು ಊರಿನವರು ಹೇಳಿದಂತೆ, ಮಕ್ಕಳು ಬೇಡ ಅಂದರೆ ಬೇಡ.

ಬೈನಾಕ್ಯುಲರ್ ಮಾತ್ರ ತಗೊಂಡು ಹೋಗಿ. ಮಕ್ಕಳು ಅದಕ್ಕೆ ಜಗಳ ಆಡ್ತಾರೆ, ಎರಡಿದ್ದರೆ ಒಳ್ಳೇದು.