ಶೇಕಡಾ ಎಷ್ಟು ಅನ್ನೋದು ಆಮೇಲೆ

ಪ್ರಶ್ನೆ: ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್ ಆಗಿದ್ದರು. ಡ್ಯೂಟಿ ಮೇಲೆ ಹೋಗುವಾಗ ಗಾಡಿ ಉರುಳಿ ತಲೆಗೆ ಪೆಟ್ಟಾಯಿತು. ಈಗ ಮರೆವು, ಆಗಾಗ ಫಿಟ್ಸ್. ರಾತ್ರಿ ಬೆಚ್ಚಿಬಿದ್ದು ಏಳುತ್ತಾರೆ. 2022ರಲ್ಲಿ ನಿವೃತ್ತಿ. ಮೆಡಿಕಲ್ ಬೋರ್ಡ್ ವೈಕಲ್ಯ ಶೇ 30 ಅಂತ ಬರೆದಿದೆ, ಡಿಸೆಬಿಲಿಟಿ ಪೆನ್ಷನ್ ಮಾತ್ರ ಇಲ್ಲ. ಮೊದಲ ಅಪೀಲು ಕಳೆದ ತಿಂಗಳು ವಜಾ ಆಯಿತು. ಅದನ್ನು ಶೇ 60 ಮಾಡಿಸುವುದು ಹೇಗೆ?

ಉತ್ತರ: ಮತ್ತೆ ಅದೇ ಶೇಕಡಾ! ಅಮ್ಮಾ, ನಿಮ್ಮ ಹಣ ನಿಂತಿರುವುದು 30ರಿಂದಲ್ಲ. ಬೋರ್ಡಿನ ಕಾಗದ ತೆಗೆದು ನೋಡಿ. ‘ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ’ ಎಂಬ ಸಾಲು ಇರುತ್ತದೆ. ಆ ಸಾಲು ಇರುವವರೆಗೆ 60 ಆದರೂ ಸಿಗುವುದು ಸೊನ್ನೆ. ಅದು ಹೋದರೆ ನಿಯಮದ ಪ್ರಕಾರ ನಿಮ್ಮವರ 30ನ್ನು 50 ಎಂದೇ ಎಣಿಸುತ್ತಾರೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಆ 50ರ ಲೆಕ್ಕದಲ್ಲಿ ಸಿಗುವುದು ಕೊನೆಯ ಸಂಬಳದ ಶೇ 15.

ಯೂನಿಟ್ಟಿನ ಇಂಜುರಿ ರಿಪೋರ್ಟ್ ಎಲ್ಲಿದೆ? ಅದರಲ್ಲಿ ‘ಆನ್ ಡ್ಯೂಟಿ’ ಎಂದಿದ್ದರೆ ಅರ್ಧ ಕೆಲಸ ಆಯಿತು. ರಿಪೋರ್ಟೇ ಕೈಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ, ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ. ಕೋರ್ಟ್ ಆಫ್ ಇಂಕ್ವೈರಿಯ, ಅಂದರೆ ಅಪಘಾತದ ಬಗ್ಗೆ ಸೇನೆ ನಡೆಸಿದ ವಿಚಾರಣೆಯ, ಪ್ರತಿಯನ್ನೂ ಕೇಳಿ. ಫಿಟ್ಸ್ ಬೇರೆ ಕಾಯಿಲೆ ಅಂತ ಬರೆದಿದ್ದರೆ ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪು ಲಗತ್ತಿಸಿ. ಅವರದ್ದೂ ಫಿಟ್ಸೇ. ಸೇರುವಾಗ ಇಲ್ಲದ ಕಾಯಿಲೆ ಸೇವೆಯಿಂದ ಬಂದದ್ದಲ್ಲ ಎನ್ನಬೇಕಾದರೆ ಕಾರಣ ಕೊಡುವ ಹೊಣೆ ಇಲಾಖೆಯದು. ರಾತ್ರಿ ಬೆಚ್ಚಿಬೀಳುವುದಕ್ಕೆ ಮಾತ್ರ ಆ ತೀರ್ಪೊಂದನ್ನೇ ನಂಬಬೇಡಿ. 2019ರಲ್ಲಿ ಒಂದು ಸ್ಕಿಜೋಫ್ರೇನಿಯಾ ಪ್ರಕರಣದಲ್ಲಿ ಇದೇ ವಾದ ಬಿದ್ದುಹೋಯಿತು. ಅಪಘಾತದ ನಂತರವೇ ಶುರುವಾಯಿತು ಅನ್ನುವುದಕ್ಕೆ ಮನೋವೈದ್ಯರ ಹಳೆಯ ಚೀಟಿಗಳು ಬೇಕು.

‘ಮರೆವು ಜಾಸ್ತಿ’ ಅಂತ ಸುಮ್ನೆ ಬರೆಯಬೇಡಿ. ಹಾಲು ತರಲು ಹೋದವರು ಮನೆ ದಾರಿ ಮರೆತು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದರೆ, ತಾರೀಖು ಹಾಕಿ ಅದನ್ನೇ ಬರೆಯಿರಿ. ಬೋರ್ಡಿನಲ್ಲಿ ಕೂತವನು ನಾನು. ‘ಹೇಗಿದ್ದೀಯಪ್ಪಾ’ ಅಂದರೆ ಪ್ರತಿಯೊಬ್ಬನೂ ಎದೆ ಸೆಟೆಸಿ ‘ಠೀಕ್ ಹೂಂ ಸಾಬ್’ ಅನ್ನುತ್ತಿದ್ದ. ನಾವೂ ಹಾಗೇ ಬರೆದುಕೊಳ್ಳುತ್ತಿದ್ದೆವು.

ಎರಡನೇ ಅಪೀಲಿಗೆ ಆರು ತಿಂಗಳಿದೆ, ಒಂದು ಆಗಲೇ ಹೋಯಿತು. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಕೊಚ್ಚಿ ಪೀಠ.

ಪ್ರಶ್ನೆ: ತಲೆಪೆಟ್ಟಿಗೆ 30, ಕಿವಿಗೆ 20. ಒಟ್ಟು 50 ಅಲ್ವಾ?

ಉತ್ತರ: ಅಲ್ಲ. ಬೋರ್ಡ್ ಕೂಡಿಸುವುದಿಲ್ಲ, ಒಟ್ಟಾರೆ ಒಂದು ಅಂಕಿ ಹಾಕುತ್ತದೆ.

ಪ್ರಶ್ನೆ: ನಾನು 2024ರಲ್ಲಿ ನಿವೃತ್ತನಾದೆ. ನನಗೂ ಇದೇ ಲೆಕ್ಕವೇ?

ಉತ್ತರ: ಇಲ್ಲ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ, ಅದನ್ನು ಓದಿ.

ಪ್ರಶ್ನೆ: ಏಜೆಂಟ್ ಒಬ್ಬ 40 ಸಾವಿರಕ್ಕೆ ಶೇ 100 ಮಾಡಿಸಿಕೊಡ್ತಾನಂತೆ.

ಉತ್ತರ: ಸುಳ್ಳು ವರದಿ ಸಿಕ್ಕಿಬಿದ್ದ ದಿನ ಅವನಿರುವುದಿಲ್ಲ, ನೀವಿರುತ್ತೀರಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ.

ಪ್ರಶ್ನೆ: ನಾಟಿ ವೈದ್ಯರು ತಲೆಗೆ ಎಣ್ಣೆ ಕೊಟ್ಟು ಫಿಟ್ಸ್ ಮಾತ್ರೆ ಬಿಡಲು ಹೇಳಿದ್ದಾರೆ.

ಉತ್ತರ: ಎಣ್ಣೆ ಹಚ್ಚಿಕೊಳ್ಳಿ. ಮಾತ್ರೆ ಬಿಟ್ಟರೆ ಪ್ರಾಣಕ್ಕೇ ಬರುತ್ತದೆ.